ಹೈ-ಫೈ: ಮಿತ ಖರ್ಚಿನಲ್ಲಿ ಮನೆಯ ಶ್ರವಣ ವ್ಯವಸ್ಥೆ

ಧ್ವನಿಮುದ್ರಿಕೆಯಲ್ಲಿರುವ ನಾದಕ್ಕೆ ಏನನ್ನೂ ಸೇರಿಸದೆ, ಅದರಿಂದ ಏನನ್ನೂ ಕಳೆಯದೆ, ಇದ್ದದ್ದನ್ನು ಇದ್ದ ಹಾಗೆ ಮನೆಯಲ್ಲಿ ಕೇಳಿಸುವ ಪ್ರಯತ್ನಕ್ಕೆ ಹೈ-ಫೈ ಎಂದು ಹೆಸರು. ಮುದ್ರಿಕೆಯನ್ನು ಓದುವ ಮೂಲ ಸಾಧನ, ಅದು ಕೊಡುವ ದುರ್ಬಲ ವಿದ್ಯುತ್ ಸಂಕೇತವನ್ನು ಬಲಪಡಿಸುವ ಆಂಪ್ಲಿಫೈಯರ್, ಆ ಸಂಕೇತವನ್ನು ಮತ್ತೆ ಗಾಳಿಯ ಕಂಪನವಾಗಿಸುವ ಜೋಡಿ ಸ್ಪೀಕರ್, ಇವೆಲ್ಲವನ್ನೂ ಒಳಗೊಂಡ ಕೋಣೆ: ಈ ನಾಲ್ಕೂ ಸೇರಿದರೆ ವ್ಯವಸ್ಥೆ ಪೂರ್ಣ. ಹೈ-ಫೈ ಎಂದರೆ ಲಕ್ಷಗಟ್ಟಲೆ ಹಣ ಸುರಿಯುವವರ ಹವ್ಯಾಸ ಎಂಬ ಭಾವನೆ ಇನ್ನೂ ಗಟ್ಟಿಯಾಗಿದೆ. ಅರ್ಧ ಶತಮಾನದ ಹಿಂದೆ ಅದು ಬಹುಮಟ್ಟಿಗೆ ನಿಜವೂ ಆಗಿತ್ತು. ಇಂದು ಸಾಧಾರಣ ಆದಾಯದ ಮನೆಯೂ ಒಳ್ಳೆಯ ಧ್ವನಿಯನ್ನು ಪಡೆಯಬಹುದು. ಎಷ್ಟು ಖರ್ಚು ಮಾಡಿದೆವು ಎನ್ನುವುದಕ್ಕಿಂತ ಯಾವುದಕ್ಕೆ ಮೊದಲು ಖರ್ಚು ಮಾಡಿದೆವು ಎನ್ನುವುದೇ ಫಲವನ್ನು ನಿರ್ಧರಿಸುತ್ತದೆ.

ಬೆಳೆದುಬಂದ ದಾರಿ

ಇಂದಿನ ಸ್ಪೀಕರುಗಳ ಮೂಲ ವಿನ್ಯಾಸ 1925ರದು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಆಗ ವಿವರಿಸಿದ ಕ್ರಮದಲ್ಲಿ, ಕಾಂತಕ್ಷೇತ್ರದ ನಡುವಿನ ತಂತಿ ಸುರುಳಿ ಹಿಂದೆ ಮುಂದೆ ಚಲಿಸಿ ತನಗೆ ಅಂಟಿಕೊಂಡ ಕಾಗದದ ಶಂಕುವನ್ನು ಅಲುಗಿಸುತ್ತದೆ. 1931ರಲ್ಲಿ ಇಂಗ್ಲೆಂಡಿನ ಇಎಂಐ ಸಂಸ್ಥೆಯ ಎಂಜಿನಿಯರ್ ಅಲನ್ ಬ್ಲೂಮ್‌ಲೀನ್ ಸ್ಟೀರಿಯೊ ಧ್ವನಿಮುದ್ರಣಕ್ಕೆ ಪೇಟೆಂಟ್ ಅರ್ಜಿ ಸಲ್ಲಿಸಿದ. 1948ರಲ್ಲಿ ಕೊಲಂಬಿಯಾ ಸಂಸ್ಥೆಯ ಎಲ್‌ಪಿ ತಟ್ಟೆ ಬಂತು. ಬ್ಲೂಮ್‌ಲೀನ್‌ನ ಕಲ್ಪನೆಯಂತೆ ಒಂದೇ ಗೀರಿನಲ್ಲಿ ಎರಡು ವಾಹಿನಿಗಳನ್ನು ಹಿಡಿದ ಸ್ಟೀರಿಯೊ ಎಲ್‌ಪಿಗಳು ಮಾರುಕಟ್ಟೆ ಸೇರಿದ್ದು 1950ರ ದಶಕದ ಕೊನೆಗೆ.

ಹೈ-ಫೈಯನ್ನು ಸಣ್ಣ ಮನೆಗಳಿಗೂ ಒಗ್ಗಿಸಿದ ಮೊದಲ ದೊಡ್ಡ ಹೆಜ್ಜೆ ಎಡ್ಗರ್ ವಿಲ್‌ಚರ್‌ನದು. ಅಲ್ಲಿಯವರೆಗೆ ಮಂದ್ರ ನಾದ ಬೇಕೆಂದರೆ ಬೀರುವಿನಷ್ಟು ದೊಡ್ಡ ಪೆಟ್ಟಿಗೆ ಬೇಕಿತ್ತು. ವಿಲ್‌ಚರ್ 1954ರಲ್ಲಿ ಹೊರತಂದ ಎಆರ್-1 ಸ್ಪೀಕರಿನಲ್ಲಿ, ಗಾಳಿಯಾಡದಂತೆ ಮುಚ್ಚಿದ ಪೆಟ್ಟಿಗೆಯೊಳಗಿನ ಗಾಳಿಯೇ ಶಂಕುವಿಗೆ ಸ್ಪ್ರಿಂಗ್ ಆಯಿತು. ಹೀಗೆ ಪುಸ್ತಕದ ಕಪಾಟಿನಲ್ಲಿ ಕೂರುವ ಪೆಟ್ಟಿಗೆಯಿಂದ ಆಳವಾದ ಮಂದ್ರ ಹೊರಟಿತು. ಮುಂದೆ ನೆವಿಲ್ ಥೀಲೆ ಮತ್ತು ರಿಚರ್ಡ್ ಸ್ಮಾಲ್ ರೂಪಿಸಿದ ಸೂತ್ರಗಳಿಂದ, ಸ್ಪೀಕರಿಗೆ ಹೊಂದುವ ಪೆಟ್ಟಿಗೆಯ ಅಳತೆಯನ್ನು ಮೊದಲೇ ಲೆಕ್ಕ ಹಾಕುವುದು ಸಾಧ್ಯವಾಯಿತು. ಇಂದಿನ ಅಗ್ಗದ ಸ್ಪೀಕರುಗಳೂ ಚೆನ್ನಾಗಿ ನುಡಿಯುವುದರ ಹಿಂದೆ ಈ ಗಣಿತವಿದೆ.

1970ರ ದಶಕದಲ್ಲಿ ಬಿಬಿಸಿ ತನ್ನ ಹೊರಾಂಗಣ ಪ್ರಸಾರ ವಾಹನಗಳ ಇಕ್ಕಟ್ಟಿಗೆಂದು ರೂಪಿಸಿದ ಎಲ್‌ಎಸ್3/5ಎ ಎಂಬ ಪುಟ್ಟ ಸ್ಪೀಕರ್, ಮನುಷ್ಯನ ಕಂಠವನ್ನು ಸಹಜವಾಗಿ ಕೇಳಿಸುವ ಗುಣಕ್ಕೆ ಹೆಸರಾಯಿತು. 1978ರಲ್ಲಿ ಬಂದ ಎನ್‌ಎಡಿ 3020 ಆಂಪ್ಲಿಫೈಯರ್ ಕಾಗದದ ಮೇಲೆ ಬರೀ 20 ವಾಟ್‌ನದು. ನಾರ್ವೆಯ ಎರಿಕ್ ಎಡ್ವರ್ಡ್‌ಸೆನ್ ವಿನ್ಯಾಸಗೊಳಿಸಿದ ಅದು ಅಲಂಕಾರವನ್ನೆಲ್ಲ ಬಿಟ್ಟು, ಸಂಗೀತದ ಏರಿನಲ್ಲಿ ಕ್ಷಣಕಾಲ ಹೆಚ್ಚು ಶಕ್ತಿ ಕೊಡುವ ಸಾಮರ್ಥ್ಯಕ್ಕೆ ಹಣ ಹಾಕಿತ್ತು. ಕಡಿಮೆ ಬೆಲೆಯ ಹೈ-ಫೈಗೆ ಅದು ಇಂದಿಗೂ ಮಾದರಿ. 1982ರಲ್ಲಿ ಸೋನಿ ಮತ್ತು ಫಿಲಿಪ್ಸ್ ತಂದ ಸಿ.ಡಿ., ಮುಳ್ಳಿನ ಕರಕರವನ್ನೂ ಟೇಪಿನ ಸುಯ್ಗುಟ್ಟುವಿಕೆಯನ್ನೂ ಕೊನೆಗಾಣಿಸಿತು. ಅಂದಿನಿಂದ ಮೂಲ ಸಾಧನದ ಬೆಲೆ ಇಳಿಯುತ್ತಲೇ ಬಂದಿದೆ.

ಈ ಇತಿಹಾಸದಲ್ಲಿ ಮೈಸೂರಿನ ಪಾತ್ರವೂ ಇದೆ. ಅಲ್ಲಿನ ಮಹಾರಾಜ ಜಯಚಾಮರಾಜ ಒಡೆಯರ್ ಲಂಡನ್ನಿನ ಫಿಲ್‌ಹಾರ್ಮೋನಿಯಾ ವಾದ್ಯವೃಂದಕ್ಕೆ ಪೋಷಕರಾಗಿದ್ದರು. ರಷ್ಯಾದ ಸಂಗೀತ ರಚನಕಾರ ನಿಕೊಲಾಯ್ ಮೆಡ್ಟ್ನರ್ ತನ್ನ ಇಳಿವಯಸ್ಸಿನಲ್ಲಿ ತನ್ನ ಕೃತಿಗಳನ್ನು ಎಚ್‌ಎಂವಿಗಾಗಿ ನುಡಿಸಿ ಮುದ್ರಿಸಲು ಹಣ ಒದಗಿದ್ದು ಮೈಸೂರಿನಿಂದ. ಮುದ್ರಿಕೆಗಳ ಮೂಲಕವೇ ದೂರದ ಸಂಗೀತವನ್ನು ಆಳವಾಗಿ ಅರಿತ ಕೇಳುಗನೊಬ್ಬ ಮುದ್ರಣಕ್ಕೆ ಸಲ್ಲಿಸಿದ ಋಣ ಅದು.

ಭಾರತದಲ್ಲಿ 1991ರ ಆರ್ಥಿಕ ಸುಧಾರಣೆಗೆ ಮುಂಚೆ ವಿದೇಶಿ ಸಲಕರಣೆ ತರುವುದು ದುಬಾರಿಯೂ ಕಷ್ಟಕರವೂ ಆಗಿತ್ತು. 1970ರಲ್ಲಿ ಕೋಲ್ಕತ್ತದಲ್ಲಿ ಹುಟ್ಟಿದ ಸೋನೊಡೈನ್, ಮುಂಬೈಯ ಕಾಸ್ಮಿಕ್ ಮುಂತಾದ ದೇಶೀ ತಯಾರಕರು ಆ ಕೊರತೆಯನ್ನು ತುಂಬಿದರು. ಕನ್ನಡದ ಮಧ್ಯಮವರ್ಗದ ಮನೆಗಳಿಗೆ ಮುದ್ರಿತ ಸಂಗೀತ ದೊಡ್ಡ ಪ್ರಮಾಣದಲ್ಲಿ ಬಂದದ್ದು ಧ್ವನಿಸುರುಳಿಯ ರೂಪದಲ್ಲಿ. 1978ರಲ್ಲಿ ಬಂದ ‘ನಿತ್ಯೋತ್ಸವ’ದಿಂದ ಭಾವಗೀತೆಗಳ ಕ್ಯಾಸೆಟ್ ಯುಗ ತೆರೆದುಕೊಂಡಿತು. ಮನೆಯಲ್ಲಿದ್ದದ್ದು ಒಂದೇ ಸ್ಪೀಕರಿನ ಟೇಪ್‌ರೆಕಾರ್ಡರ್ ಆದರೂ ಹಾಡು ಬಾಯಿಪಾಠವಾಗುವಷ್ಟು ಕೇಳಿದವರು ಅಸಂಖ್ಯ.

ಕೆಲವು ಅಳತೆಗಳು

ಮನುಷ್ಯನ ಕಿವಿ ಸುಮಾರು 20ರಿಂದ 20,000 ಹರ್ಟ್ಸ್‌ವರೆಗಿನ ಕಂಪನಗಳನ್ನು ಗ್ರಹಿಸುತ್ತದೆ. ವಯಸ್ಸಾದಂತೆ ಮೇಲಿನ ತುದಿ ಇಳಿಯುತ್ತದೆ. ಗಾಳಿಯಲ್ಲಿ 20 ಹರ್ಟ್ಸ್ ಅಲೆಯ ಉದ್ದ 17 ಮೀಟರ್, 20,000 ಹರ್ಟ್ಸ್ ಅಲೆಯದು 1.7 ಸೆಂಟಿಮೀಟರ್. ಇಷ್ಟು ಅಂತರವಿರುವ ಅಲೆಗಳನ್ನು ಒಂದೇ ಶಂಕು ಸರಿಯಾಗಿ ಹೊರಡಿಸಲಾರದು. ಆದ್ದರಿಂದ ಮಂದ್ರಕ್ಕೂ ಮಧ್ಯಕ್ಕೂ ವೂಫರ್, ತಾರಕ್ಕೆ ಟ್ವೀಟರ್, ಎರಡರ ನಡುವೆ ಸಂಕೇತವನ್ನು ಹಂಚುವ ಕ್ರಾಸ್‌ಓವರ್ ಇರುತ್ತವೆ.

ಧ್ವನಿಯ ಮಟ್ಟವನ್ನು ಡೆಸಿಬೆಲ್‌ನಲ್ಲಿ ಅಳೆಯುತ್ತಾರೆ. ಆಂಪ್ಲಿಫೈಯರಿನ ಶಕ್ತಿ ಎರಡು ಪಟ್ಟಾದರೆ ಮಟ್ಟ ಏರುವುದು 3 ಡೆಸಿಬೆಲ್ ಮಾತ್ರ. ಸದ್ದು ಎರಡರಷ್ಟಾಯಿತು ಎಂದು ಕಿವಿಗೆ ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್, ಅಂದರೆ ಹತ್ತು ಪಟ್ಟು ಶಕ್ತಿ ಬೇಕು. 40 ವಾಟ್ ಬಿಟ್ಟು 50 ವಾಟ್‌ನದನ್ನು ಕೊಂಡವರಿಗೆ ಕೇಳುವಂಥ ಲಾಭ ಏನೂ ಆಗುವುದಿಲ್ಲ.

ಹಣದ ಹಂಚಿಕೆ

ಮೀಸಲಿಟ್ಟ ಹಣದಲ್ಲಿ ಅರ್ಧ, ಸಾಧ್ಯವಾದರೆ ಅದಕ್ಕಿಂತ ಹೆಚ್ಚು, ಸ್ಪೀಕರಿಗೆ ಹೋಗಬೇಕು. ವಿದ್ಯುತ್ತನ್ನು ಯಾಂತ್ರಿಕ ಚಲನೆಯಾಗಿ, ಚಲನೆಯನ್ನು ನಾದವಾಗಿ ಮಾರ್ಪಡಿಸುವ ಭಾಗ ಅದೊಂದೇ; ಹೆಚ್ಚಿನ ವಿಕಾರ ಹುಟ್ಟುವುದೂ ಅಲ್ಲೇ. ಉಳಿದದ್ದರಲ್ಲಿ ಹೆಚ್ಚಿನ ಪಾಲು ಆಂಪ್ಲಿಫೈಯರಿಗೆ, ಸ್ವಲ್ಪ ಪಾಲು ಮೂಲ ಸಾಧನಕ್ಕೆ ಸಾಕು. ಒಂದಿಷ್ಟು ಹಣವನ್ನು ಸ್ಟ್ಯಾಂಡು, ತಂತಿ, ಜಮಖಾನೆಗಳಿಗೆ ಉಳಿಸಿಕೊಳ್ಳಬೇಕು.

25,000 ರೂಪಾಯಿ ಇಟ್ಟುಕೊಂಡವರು 15,000ದಷ್ಟನ್ನು ಸ್ಪೀಕರಿಗೆ, 6,000ದಷ್ಟನ್ನು ಆಂಪ್ಲಿಫೈಯರಿಗೆ, ಉಳಿದದ್ದನ್ನು ಬಿಡಿ ಸಾಮಾನಿಗೆ ಹಂಚಿಕೊಂಡು, ಮೂಲ ಸಾಧನವಾಗಿ ಕೈಯಲ್ಲಿರುವ ಫೋನನ್ನೋ ಲ್ಯಾಪ್‌ಟಾಪನ್ನೋ ಬಳಸಬಹುದು. ಇನ್ನೊಂದು ದಾರಿ ಆಂಪ್ಲಿಫೈಯರ್ ಒಳಗೇ ಇರುವ ‘ಆಕ್ಟಿವ್’ ಸ್ಪೀಕರುಗಳದು. ಸಂಗೀತ ಮುದ್ರಿಸುವವರಿಗೆಂದು ತಯಾರಾಗುವ ಸಣ್ಣ ಸ್ಟುಡಿಯೊ ಮಾನಿಟರುಗಳು ಈ ಬಗೆಯವು. ತಯಾರಕರೇ ಆಂಪ್ಲಿಫೈಯರನ್ನೂ ಸ್ಪೀಕರನ್ನೂ ಒಂದಕ್ಕೊಂದು ಹೊಂದಿಸಿರುವುದರಿಂದ, ಹೊಸಬರಿಗೆ ಎಲ್ಲಕ್ಕಿಂತ ಕಡಿಮೆ ಹಣದಲ್ಲಿ ಹೆಚ್ಚು ಪ್ರಾಮಾಣಿಕ ಧ್ವನಿ ಸಿಗುವುದು ಬಹುಶಃ ಇವುಗಳಿಂದ.

ಸ್ಪೀಕರ್

ಯಾವ ಸ್ಪೀಕರ್ ಒಳ್ಳೆಯದು ಎನ್ನುವುದು ಬರೀ ಅಭಿರುಚಿಯ ಮಾತಲ್ಲ. ಕೆನಡಾದ ರಾಷ್ಟ್ರೀಯ ಸಂಶೋಧನ ಮಂಡಳಿಯಲ್ಲಿ ಫ್ಲಾಯ್ಡ್ ಟೂಲ್ ದಶಕಗಳ ಕಾಲ ಪರದೆಯ ಹಿಂದೆ ಸ್ಪೀಕರುಗಳನ್ನಿಟ್ಟು ಕೇಳುಗರ ಅಭಿಪ್ರಾಯ ಪಡೆದರು. ಬೆಲೆ, ಹೆಸರು, ಅಂದ ಯಾವುದೂ ಕಾಣದಿದ್ದಾಗ ಬಹುಪಾಲು ಕೇಳುಗರು ಒಂದೇ ಬಗೆಯ ಸ್ಪೀಕರುಗಳನ್ನು ಮೆಚ್ಚಿದರು: ಎಲ್ಲ ಕಂಪನಗಳನ್ನೂ ಸಮಮಟ್ಟದಲ್ಲಿ ಹೊರಡಿಸುವ, ಪಕ್ಕಕ್ಕೆ ಚೆಲ್ಲುವ ಧ್ವನಿಯೂ ಏರುಪೇರಿಲ್ಲದೆ ಸಾಗುವ ಸ್ಪೀಕರುಗಳು ಅವು. ಈ ಗುಣಗಳನ್ನು ಯಂತ್ರದಿಂದ ಅಳೆಯಬಹುದು. ಕೊಳ್ಳುವ ಮುನ್ನ ಅಳತೆಯ ನಕ್ಷೆ ಸಿಕ್ಕರೆ ನೋಡುವುದು ಜಾಣತನ.

ಹತ್ತು ಹನ್ನೆರಡು ಅಡಿಯ ಕೋಣೆಗೆ ಐದು ಅಥವಾ ಆರೂವರೆ ಅಂಗುಲದ ವೂಫರ್ ಇರುವ, ಎರಡು ಘಟಕಗಳ ಸ್ಪೀಕರ್ ಜೋಡಿ ಸಾಕು. ಅದೇ ಬೆಲೆಗೆ ಸಿಗುವ ಎತ್ತರದ ಸ್ಪೀಕರ್, ಐದು ಪೆಟ್ಟಿಗೆಗಳ ಹೋಮ್ ಥಿಯೇಟರ್ ಸೆಟ್ ಕಣ್ಣಿಗೆ ಭರ್ಜರಿಯಾಗಿರುತ್ತವೆ. ಆದರೆ ಒಂದೊಂದು ಭಾಗಕ್ಕೂ ತಯಾರಕರು ಹಾಕಿದ ಹಣ ಅಷ್ಟಷ್ಟು ಕಡಿಮೆಯಾಗಿರುತ್ತದೆ. ಸಂಗೀತಕ್ಕೆ ಎರಡು ಒಳ್ಳೆಯ ಸ್ಪೀಕರ್ ಐದು ಕಳಪೆ ಸ್ಪೀಕರಿಗಿಂತ ಮೇಲು.

ಆಂಪ್ಲಿಫೈಯರ್: ಎಷ್ಟು ವಾಟ್ ಬೇಕು?

ಇದಕ್ಕೆ ಸುಲಭದ ಲೆಕ್ಕವಿದೆ. ಸ್ಪೀಕರಿನ ವಿವರಪಟ್ಟಿಯಲ್ಲಿ 86 ಡೆಸಿಬೆಲ್ ಎಂದಿದ್ದರೆ, 1 ವಾಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ ಅಷ್ಟು ಮಟ್ಟ ಎಂದರ್ಥ. ಕೇಳುಗ ಎರಡೂವರೆ ಮೀಟರ್ ದೂರ ಕೂತರೆ ಬಯಲಿನ ಲೆಕ್ಕದಲ್ಲಿ 8 ಡೆಸಿಬೆಲ್ ಕಳೆದು 78 ಆಗುತ್ತದೆ. ಸ್ಪೀಕರುಗಳು ಎರಡಿರುವುದರಿಂದ 3 ಕೂಡಿ 81. ಕೋಣೆಯ ಗೋಡೆಗಳು ಇನ್ನಷ್ಟು ಸೇರಿಸುತ್ತವೆ, ಅದನ್ನು ಬಿಡೋಣ. ತೃಪ್ತಿಯಾಗಿ ಕೇಳುವ ಸರಾಸರಿ ಮಟ್ಟ 75 ಎಂದಿಟ್ಟುಕೊಂಡು, ಮೃದಂಗದ ಜೋರು ಪೆಟ್ಟಿಗೆ ಅದರ ಮೇಲೆ 18 ಡೆಸಿಬೆಲ್ ಅವಕಾಶ ಬಿಟ್ಟರೆ 93 ಆಯಿತು. 81ರಿಂದ 93ಕ್ಕೆ ಏರಲು 12 ಡೆಸಿಬೆಲ್, ಅಂದರೆ 16 ವಾಟ್ ಸಾಕು. ಪ್ರತಿ ವಾಹಿನಿಗೆ ನಿಜವಾದ 25ರಿಂದ 40 ವಾಟ್ ಇರುವ ಆಂಪ್ಲಿಫೈಯರ್ ಸಾಮಾನ್ಯ ಮನೆಯ ಕೋಣೆಗೆ ಧಾರಾಳ.

‘ನಿಜವಾದ’ ಎನ್ನುವ ಮಾತು ಇಲ್ಲಿ ಮುಖ್ಯ. ನಮ್ಮ ಮಾರುಕಟ್ಟೆಯಲ್ಲಿ ಪಿಎಂಪಿಒ ಎಂದು ಸಾವಿರಾರು ವಾಟ್ ಬರೆದ ಪೆಟ್ಟಿಗೆಗಳು ಬಹುಕಾಲ ಓಡಾಡಿದವು. ಆ ಸಂಖ್ಯೆಗೆ ಒಪ್ಪಿತವಾದ ಅಳತೆಯ ವಿಧಾನವೇ ಇಲ್ಲ. ನೋಡಬೇಕಾದದ್ದು ಆರ್‌ಎಂಎಸ್ ಎಂದು ಕೊಟ್ಟ ನಿರಂತರ ಶಕ್ತಿಯನ್ನು. ಅದು ಎಷ್ಟು ಓಮ್ ಹೊರೆಗೆ, ಎಷ್ಟು ವಿಕಾರದ ಮಿತಿಯಲ್ಲಿ ಎಂಬುದೂ ಜೊತೆಗಿರಬೇಕು. ಕ್ಲಾಸ್-ಡಿ ತಂತ್ರದ ಚಿಪ್‌ಗಳು ಬಂದ ಮೇಲೆ ಅಂಗೈಯಗಲದ, ಹೆಚ್ಚು ಬಿಸಿಯಾಗದ ಆಂಪ್ಲಿಫೈಯರುಗಳು ಕೆಲವೇ ಸಾವಿರಕ್ಕೆ ಸಿಗುತ್ತಿವೆ. ಅವುಗಳಲ್ಲಿ ಒಳ್ಳೆಯವು ಈ ಕೆಲಸಕ್ಕೆ ಪೂರ್ತಿ ಸಾಲುತ್ತವೆ.

ಮೂಲ ಸಾಧನ

ಸಿ.ಡಿ.ಯಲ್ಲಿ ಸೆಕೆಂಡಿಗೆ 44,100 ಬಾರಿ, ಪ್ರತಿಬಾರಿ 16 ಬಿಟ್‌ಗಳಲ್ಲಿ, ಧ್ವನಿಯನ್ನು ಅಳೆದು ಬರೆದಿರುತ್ತದೆ. ಇದರಿಂದ 20,000 ಹರ್ಟ್ಸ್‌ವರೆಗಿನ ಎಲ್ಲವೂ, ಸುಮಾರು 96 ಡೆಸಿಬೆಲ್‌ನಷ್ಟು ಮೆಲುದನಿ ಜೋರುದನಿಗಳ ಅಂತರವೂ ಅದರಲ್ಲಿ ಹಿಡಿಯುತ್ತದೆ. ಇದಕ್ಕಿಂತ ಹೆಚ್ಚಿನ ‘ಹೈ-ರೆಸ್’ ಕಡತಗಳಿಂದ ಕಿವಿಗೆ ವ್ಯತ್ಯಾಸ ತಿಳಿಯುತ್ತದೆಯೇ ಎಂದು ಬ್ರ್ಯಾಡ್ ಮೇಯರ್ ಮತ್ತು ಡೇವಿಡ್ ಮೊರಾನ್ ಪರೀಕ್ಷಿಸಿ, 2007ರಲ್ಲಿ ಆಡಿಯೊ ಎಂಜಿನಿಯರಿಂಗ್ ಸೊಸೈಟಿಯ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು. ಸಾಮಾನ್ಯವಾಗಿ ಕೇಳುವ ಮಟ್ಟದಲ್ಲಿ ಭಾಗಿಗಳು ಎರಡನ್ನೂ ಬೇರ್ಪಡಿಸಲಾರದೆ ಹೋದರು. ಹೊಸಬರು ಹಣ ಉಳಿಸಬಹುದಾದ ಮೊದಲ ಜಾಗವೇ ಇದು.

ಫೋನಿನ ಯುಎಸ್‌ಬಿ ಕಿಂಡಿಗೆ ಸಿಕ್ಕಿಸುವ ಸಣ್ಣ ಡ್ಯಾಕ್, ಅಂದರೆ ಅಂಕಿಗಳನ್ನು ಮತ್ತೆ ವಿದ್ಯುತ್ ಅಲೆಯಾಗಿಸುವ ಸಾಧನ, ಇಂದು ಅತಿ ಅಗ್ಗ. ಸಂಗೀತ ಒದಗಿಸುವ ಹಲವು ಸೇವೆಗಳು ಸಿ.ಡಿ. ಮಟ್ಟದ ಧ್ವನಿಯನ್ನೇ ಕೊಡುತ್ತವೆ. ಮನೆಯಲ್ಲಿ ಹಳೆಯ ಸಿ.ಡಿ.ಗಳಿದ್ದರೆ ಅವನ್ನು ಫ್ಲ್ಯಾಕ್ ರೂಪಕ್ಕೆ ನಕಲಿಸಿಟ್ಟುಕೊಂಡರೆ ಗುಣಮಟ್ಟ ಒಂದಿಷ್ಟೂ ನಷ್ಟವಾಗದು. ಎಲ್‌ಪಿ ತಟ್ಟೆಗಳ ಸೊಬಗು ಬೇರೆಯೇ. ಆದರೆ ಟರ್ನ್‌ಟೇಬಲ್, ಕಾರ್ಟ್ರಿಡ್ಜ್, ಮುಳ್ಳು, ಫೋನೊ ಆಂಪ್ಲಿಫೈಯರ್, ತಟ್ಟೆಗಳ ಬೆಲೆ ಎಲ್ಲ ಕೂಡಿದರೆ ಅದು ಆರಂಭದ ಮಿತ ಬಜೆಟ್ಟಿಗೆ ಒಗ್ಗುವುದಿಲ್ಲ. ಹಿರಿಯರಿಂದ ಬಂದ ತಟ್ಟೆಗಳ ರಾಶಿ ಮನೆಯಲ್ಲಿದ್ದವರಿಗೆ ಮಾತ್ರ ಮೊದಲ ದಿನದಿಂದಲೇ ಆ ದಾರಿ ಸರಿ.

ಹೆಡ್‌ಫೋನ್

ಬಾಡಿಗೆ ಕೋಣೆಯಲ್ಲಿ ಇರುವವರಿಗೆ, ಮಕ್ಕಳು ಮಲಗಿದ ಮೇಲೆ ಕೇಳುವವರಿಗೆ ಹೆಡ್‌ಫೋನೇ ಸೂಕ್ತ. ಕೋಣೆಯ ತೊಡಕೆಲ್ಲ ಒಂದೇ ಏಟಿಗೆ ತಪ್ಪುವುದರಿಂದ, ಸ್ಪೀಕರಿನ ಬೆಲೆಯ ಸಣ್ಣ ಭಾಗಕ್ಕೆ ಅಷ್ಟೇ ವಿವರವಾದ ಧ್ವನಿ ಸಿಗುತ್ತದೆ. ಹಾರ್ಮನ್ ಸಂಸ್ಥೆಯಲ್ಲಿ ಷಾನ್ ಆಲಿವ್ ಮತ್ತು ಸಂಗಡಿಗರು 2013ರಿಂದ ಪ್ರಕಟಿಸಿದ ಅಧ್ಯಯನಗಳು, ಹೆಚ್ಚಿನ ಕೇಳುಗರು ಮೆಚ್ಚುವ ಹೆಡ್‌ಫೋನ್ ಧ್ವನಿಯ ನಕ್ಷೆಯನ್ನು ಗುರುತಿಸಿದವು. ಅದನ್ನು ಅನುಸರಿಸಿದ ಕಿವಿಯೊಳಗಿನ ಇಯರ್‌ಫೋನುಗಳು ಈಗ ಸಾವಿರ, ಎರಡು ಸಾವಿರ ರೂಪಾಯಿಗೂ ದೊರೆಯುತ್ತವೆ. ಅವುಗಳ ರಬ್ಬರ್ ತುದಿ ಕಿವಿಯಲ್ಲಿ ಸಂದಿಲ್ಲದೆ ಕೂರಬೇಕು. ಸಂದು ಬಿದ್ದರೆ ಮಂದ್ರ ಪೂರ್ತಿ ಸೋರಿಹೋಗುತ್ತದೆ.

ಕೋಣೆ: ಕಾಸಿಲ್ಲದ ಸುಧಾರಣೆ

ನಮ್ಮ ಮನೆಗಳ ಸಿಮೆಂಟ್ ಗೋಡೆ, ಆರ್‌ಸಿಸಿ ಸೂರು, ಟೈಲ್ಸ್ ಅಥವಾ ಗ್ರಾನೈಟ್ ನೆಲ ಧ್ವನಿಯನ್ನು ಹೀರದೆ ಹಿಂದಕ್ಕೆ ಚಿಮ್ಮಿಸುತ್ತವೆ. ಖಾಲಿ ಕೋಣೆಯಲ್ಲಿ ಒಮ್ಮೆ ಚಪ್ಪಾಳೆ ತಟ್ಟಿದರೆ ಟರ್ರೆಂದು ನಡುಗುವ ಮರುದನಿ ಕೇಳುತ್ತದೆ. ಗಾಯಕಿಯ ‘ಸ’ಕಾರ ಚುಚ್ಚುವುದು, ಸಾಹಿತ್ಯ ಕಲಸಿಹೋಗುವುದು ಇದರಿಂದಲೇ. ಸ್ಪೀಕರಿಗೂ ಕೇಳುಗನಿಗೂ ನಡುವೆ ದಪ್ಪ ಜಮಖಾನೆ, ಕಿಟಕಿಗೆ ಮಡಿಕೆ ಮಡಿಕೆಯಾದ ಪರದೆ, ಹಿಂದಿನ ಗೋಡೆಗೆ ತುಂಬಿದ ಪುಸ್ತಕದ ಕಪಾಟು ಇದ್ದರೆ ಈ ತೊಂದರೆ ಬಹಳಷ್ಟು ತಗ್ಗುತ್ತದೆ.

ಮಂದ್ರದ ಕಥೆ ಬೇರೆ. 100 ಹರ್ಟ್ಸ್ ಅಲೆಯೇ 3.4 ಮೀಟರ್ ಉದ್ದ. ಅದನ್ನು ಜಮಖಾನೆ ತಡೆಯಲಾರದು. 12 ಅಡಿ ಉದ್ದದ ಕೋಣೆಯಲ್ಲಿ ಎದುರುಬದುರು ಗೋಡೆಗಳ ನಡುವೆ 47 ಹರ್ಟ್ಸ್‌ನ ಅಲೆ ನಿಂತುಬಿಡುತ್ತದೆ. 10 ಅಡಿ ಅಗಲಕ್ಕೆ ಅದು 56 ಹರ್ಟ್ಸ್. ಸೂರಿನ ಎತ್ತರವೂ 10 ಅಡಿಯಾದರೆ ಅದೇ 56ರಲ್ಲಿ ಎರಡು ಅನುರಣನಗಳು ಕೂಡಿಕೊಂಡು ಆ ಒಂದು ಸ್ವರ ಮಾತ್ರ ಗುಂಯ್ಗುಟ್ಟುತ್ತದೆ. ಇದಕ್ಕೆ ಮದ್ದು ಜಾಗ ಬದಲಿಸುವುದು. ಗೋಡೆಗೆ ಬೆನ್ನು ತಾಗಿಸಿ ಕೂರಬಾರದು. ಕುರ್ಚಿಯನ್ನು ಒಂದೆರಡು ಅಡಿ ಮುಂದೆ ಸರಿಸಿದರೂ ಮಂದ್ರದ ಸ್ವರೂಪ ಬದಲಾಗುತ್ತದೆ. ಸ್ಪೀಕರನ್ನು ಮೂಲೆಯಿಂದ ದೂರ, ಗೋಡೆಯಿಂದ ಒಂದಡಿಯಾದರೂ ಈಚೆಗೆ ಇಡಬೇಕು.

ಎರಡು ಸ್ಪೀಕರುಗಳ ನಡುವಿನ ಅಂತರವೂ ಕೇಳುಗನಿಗೂ ಒಂದೊಂದು ಸ್ಪೀಕರಿಗೂ ಇರುವ ಅಂತರವೂ ಸಮವಾಗಿರಬೇಕು. ಟ್ವೀಟರ್ ಕಿವಿಯ ಎತ್ತರಕ್ಕೆ ಬರಬೇಕು. ಹೀಗೆ ಕೂರಿಸಿದಾಗ ಗಾಯಕರು ಎರಡು ಸ್ಪೀಕರುಗಳ ನಟ್ಟನಡುವೆ, ಪಿಟೀಲು ಒಂದು ಬದಿಗೆ, ಮೃದಂಗ ಇನ್ನೊಂದು ಬದಿಗೆ ಎದ್ದು ನಿಲ್ಲುತ್ತವೆ. ಟಿವಿಯ ಇಕ್ಕೆಲದ ಷೋಕೇಸಿನೊಳಗೆ ಸ್ಪೀಕರನ್ನು ತುರುಕಿದರೆ, ಅದರ ಬೆಲೆ ಎಷ್ಟೇ ಇರಲಿ, ಈ ಸುಖ ಸಿಗದು.

ಕೇಳಿ ಪರೀಕ್ಷಿಸುವುದು

ಅಂಗಡಿಯವರು ಹಾಕುವ ಅಬ್ಬರದ ಹಾಡಿನಿಂದ ಸ್ಪೀಕರನ್ನು ಅಳೆಯಬಾರದು. ಸಭೆಯಲ್ಲಿ ಎದುರಿಗೇ ಕೂತು ಕೇಳಿ ಗೊತ್ತಿರುವ ವಾದ್ಯವೇ ಸರಿಯಾದ ಅಳತೆಗೋಲು. ಕರ್ನಾಟಕದ ಕೇಳುಗನಿಗೆ ತಂಬೂರಿಗಿಂತ ಉತ್ತಮ ಪರೀಕ್ಷಕ ಇಲ್ಲ. ಪುರುಷ ಗಾಯಕರ ತಂಬೂರಿಯಲ್ಲಿ ಮಂದ್ರ ಷಡ್ಜದ ತಂತಿ ಸುಮಾರು 65ರಿಂದ 75 ಹರ್ಟ್ಸ್‌ನಲ್ಲಿ ಮಿಡಿಯುತ್ತದೆ. ಬಾಗಿದ ಕುದುರೆ, ತಂತಿಯಡಿಯ ದಾರ ಇವುಗಳಿಂದ ಅದರ ಮೇಲೆ ಸಾವಿರಾರು ಹರ್ಟ್ಸ್‌ವರೆಗೆ ಸ್ವಯಂಭೂ ಸ್ವರಗಳ ಸಾಲೇ ಏಳುತ್ತದೆ. ಮೀಟಿದ ಜಾಗದ ಕಾರಣದಿಂದ ಕೇಳಿಸಬಾರದಿದ್ದ ಸ್ವರಗಳೂ ತಂಬೂರಿಯಲ್ಲಿ ಏಕೆ ಕೇಳಿಸುತ್ತವೆ ಎಂಬುದನ್ನು ಸಿ.ವಿ. ರಾಮನ್ 1921ರಲ್ಲೇ ವಿವರಿಸಿದರು.

ಫೋನಿನ ಸಣ್ಣ ಸ್ಪೀಕರಿನಲ್ಲಿ 70 ಹರ್ಟ್ಸ್ ಹೊರಡುವುದೇ ಇಲ್ಲ. ಆದರೂ ಷಡ್ಜ ಕೇಳಿದ ಹಾಗೆ ಅನ್ನಿಸುವುದು, ಮೇಲಿನ ಸ್ವರಗಳ ಆಧಾರದಿಂದ ನಮ್ಮ ಶ್ರವಣಶಕ್ತಿ ಮೂಲಸ್ವರವನ್ನು ತಾನೇ ತುಂಬಿಕೊಳ್ಳುವುದರಿಂದ. ಒಳ್ಳೆಯ ಸ್ಪೀಕರಿಗೆ ಬದಲಾಯಿಸಿದ ಕೂಡಲೆ ಆ ಷಡ್ಜಕ್ಕೆ ಮೈ ಬರುತ್ತದೆ; ತಂಬೂರಿ ಗಾಯಕರ ಹಿಂದೆ ತನ್ನದೇ ಜಾಗದಲ್ಲಿ, ಎಡೆಬಿಡದೆ, ಮಿನುಗುತ್ತ ನಿಲ್ಲುತ್ತದೆ. ಕ್ರಾಸ್‌ಓವರಿನಲ್ಲಿ ದೋಷವಿದ್ದರೆ ಆ ಮಿನುಗು ಲೋಹದ ಕೊರೆತವಾಗುತ್ತದೆ. ಮೃದಂಗದ ಎಡಮುಖದ ಗುಮ್ಕಿ ಇನ್ನೊಂದು ಒರೆಗಲ್ಲು. ಜಾರುತ್ತ ಏರುವ ಆ ನಾದ ಹಾದಿಯುದ್ದಕ್ಕೂ ಒಂದೇ ತೂಕದಲ್ಲಿ ಕೇಳಿದರೆ ಕೋಣೆಯೂ ಸ್ಪೀಕರೂ ಹೊಂದಿವೆ; ನಡುವೆ ಎಲ್ಲೋ ಉಬ್ಬಿದರೆ ಕೋಣೆಯ ಅನುರಣನ ಅಡ್ಡ ಬಂದಿದೆ.

ಎರಡು ಸಾಧನಗಳನ್ನು ಹೋಲಿಸುವಾಗ ಸದ್ದಿನ ಮಟ್ಟ ಸಮವಾಗಿರಲೇಬೇಕು. ಒಂದು ಡೆಸಿಬೆಲ್ ಜೋರಾಗಿರುವುದು ಜೋರು ಎನ್ನಿಸದೆ ‘ಸ್ಪಷ್ಟ’ ಎನ್ನಿಸಿಬಿಡುತ್ತದೆ.

ತಂತಿ, ಹಳೆಯ ಸಾಮಾನು, ಸುರಕ್ಷತೆ

ದುಬಾರಿ ಸ್ಪೀಕರ್ ತಂತಿಗಳಿಗೆ ಹಣ ಹಾಕಬೇಕಿಲ್ಲ. 1.5 ಚದರ ಮಿಲಿಮೀಟರಿನ ತಾಮ್ರದ ಜೋಡಿತಂತಿಯನ್ನು 5 ಮೀಟರ್ ಎಳೆದರೆ ಹೋಗಿಬರುವ ಒಟ್ಟು ರೋಧ 0.12 ಓಮ್‌ಗಿಂತ ಕಡಿಮೆ. 8 ಓಮ್ ಸ್ಪೀಕರಿನ ಮುಂದೆ ಅದು ಶೇಕಡಾ 2ನ್ನೂ ಮುಟ್ಟುವುದಿಲ್ಲ. ಯಾವುದೇ ಎಲೆಕ್ಟ್ರಿಕಲ್ ಅಂಗಡಿಯ ಒಳ್ಳೆಯ ತಾಮ್ರದ ತಂತಿ ಸಾಕು. ಕೆಂಪು, ಕಪ್ಪು ತುದಿಗಳು ಎರಡೂ ಸ್ಪೀಕರುಗಳಿಗೆ ಒಂದೇ ರೀತಿ ಸೇರಬೇಕು; ಒಂದರಲ್ಲಿ ತಿರುವುಮುರುವಾದರೆ ಮಂದ್ರ ಕರಗಿಹೋಗುತ್ತದೆ, ಗಾಯಕರು ನಡುವಿನಿಂದ ಚದುರುತ್ತಾರೆ.

ಹಳೆಯ ಸಾಮಾನು ಕೊಳ್ಳುವುದು ಲಾಭದ ದಾರಿ, ಆದರೆ ಕಣ್ಣಿಟ್ಟು ನೋಡಬೇಕು. ವೂಫರಿನ ಅಂಚು ಫೋಮ್‌ನದಾಗಿದ್ದರೆ ಕಾಲಕ್ರಮೇಣ, ಅದರಲ್ಲೂ ಕರಾವಳಿಯ ತೇವದಲ್ಲಿ, ಪುಡಿಯಾಗುತ್ತದೆ. ರಬ್ಬರಿನದು ಹೆಚ್ಚು ಬಾಳುತ್ತದೆ. ವಾಲ್ಯೂಮ್ ಗುಂಡಿ ತಿರುಗಿಸಿದಾಗ ಕರಕರ ಎಂದರೆ ಅದು ಶುಚಿ ಮಾಡಿದರೆ ಹೋಗುವ ಸಣ್ಣ ದೋಷ. ಹಾಡಿಲ್ಲದಾಗಲೂ ಗುಂಯ್ ಎನ್ನುತ್ತಿದ್ದರೆ ಕೆಪಾಸಿಟರ್ ಸೋತಿರಬಹುದು. ಅಮೆರಿಕದಿಂದ ಬಂದ ಸಾಧನವಾದರೆ ಅದು 120 ವೋಲ್ಟ್‌ನದೇ ಎಂದು ನೋಡದೆ ನಮ್ಮ 230 ವೋಲ್ಟ್‌ಗೆ ಸಿಕ್ಕಿಸಬಾರದು. ಬಿಡಿಭಾಗಗಳಿಗೆ ಬೆಂಗಳೂರಿನ ಎಸ್‌.ಪಿ. ರಸ್ತೆ ಇಂದಿಗೂ ಆಸರೆ. ಗುಂಯ್ಗುಡುವಿಕೆ ತಪ್ಪಿಸಲು ಮೂರು ಪಿನ್ನಿನ ಪ್ಲಗ್ಗಿನಿಂದ ಅರ್ಥಿಂಗ್ ಕಿತ್ತುಹಾಕುವ ರೂಢಿ ಪ್ರಾಣಾಪಾಯದ್ದು. ಎಲ್ಲ ಸಾಧನಗಳಿಗೂ ಒಂದೇ ಪ್ಲಗ್ ಬೋರ್ಡಿನಿಂದ ವಿದ್ಯುತ್ ಕೊಟ್ಟರೆ ಆ ತೊಂದರೆ ಹೆಚ್ಚಾಗಿ ನಿಲ್ಲುತ್ತದೆ.

ಕಿವಿ ಮಾತ್ರ ಬದಲಾಯಿಸಲಾಗದ ಭಾಗ. ವಯಸ್ಕರಿಗೆ ವಾರಕ್ಕೆ 40 ಗಂಟೆ, 80 ಡೆಸಿಬೆಲ್ ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆ ಸೂಚಿಸುವ ಮಿತಿ. ಮಟ್ಟ 3 ಡೆಸಿಬೆಲ್ ಏರಿದಂತೆಲ್ಲ ಸುರಕ್ಷಿತ ಅವಧಿ ಅರ್ಧಕ್ಕಿಳಿಯುತ್ತದೆ. ಬಸ್ಸು, ಮೆಟ್ರೊಗಳ ಗದ್ದಲದಲ್ಲಿ ಇಯರ್‌ಫೋನಿನ ಸದ್ದು ಏರಿಸುವವರು ಇದನ್ನು ಮರೆಯಬಾರದು.

ಮುಂದಿನ ಹೆಜ್ಜೆಗಳು

ಕೊಂಡ ವ್ಯವಸ್ಥೆಯನ್ನು ಕೆಲವು ತಿಂಗಳು ಸುಮ್ಮನೆ ಕೇಳಬೇಕು. ಕೊರತೆ ಕಂಡರೆ ಮೊದಲು ಸ್ಪೀಕರಿನ ಜಾಗ, ಕುರ್ಚಿಯ ಜಾಗ ಬದಲಿಸಿ ನೋಡುವುದು. ಆಮೇಲೆ ಉಚಿತವಾಗಿ ಸಿಗುವ ರೂಮ್ ಇಕ್ಯೂ ವಿಝರ್ಡ್ ಎಂಬ ತಂತ್ರಾಂಶ ಮತ್ತು ಅಳತೆಯ ಮೈಕ್ ಬಳಸಿ, ಕೋಣೆಯಲ್ಲಿ ಉಬ್ಬಿದ ಮಂದ್ರವನ್ನು ಈಕ್ವಲೈಜರಿನಿಂದ ತಗ್ಗಿಸುವುದು. ಮೂರನೆಯದು ಸಬ್‌ವೂಫರ್ ಸೇರಿಸುವುದು. ನಾಲ್ಕನೆಯದು ಸ್ಪೀಕರ್ ಬದಲಿಸುವುದು. ಆಂಪ್ಲಿಫೈಯರ್, ಡ್ಯಾಕ್, ತಂತಿಗಳ ಸರದಿ ಎಲ್ಲಕ್ಕಿಂತ ಕೊನೆಗೆ. ವ್ಯಾಪಾರದ ಜಾಹೀರಾತು ಈ ಕ್ರಮವನ್ನು ತಲೆಕೆಳಗು ಮಾಡಿ ತೋರಿಸುತ್ತದೆ, ಏಕೆಂದರೆ ಮೊದಲ ಹೆಜ್ಜೆಯಿಂದ ಯಾವ ಮಾರಾಟಗಾರರಿಗೂ ಲಾಭವಿಲ್ಲ. ಉಳಿದ ಹಣ ಕಛೇರಿಗಳ ಟಿಕೆಟ್ಟಿಗೆ ಹೋಗಲಿ: ಎದುರು ಕೂತು ಕೇಳಿದ ಮೃದಂಗ, ಪಿಟೀಲು, ಕಂಠಗಳ ನೆನಪು ಕಿವಿಯಲ್ಲಿ ತಾಜಾ ಇದ್ದರೆ ಮಾತ್ರ ಮನೆಯ ವ್ಯವಸ್ಥೆ ಎಷ್ಟು ನಿಷ್ಠವಾಗಿದೆ ಎಂದು ಹೇಳಲು ಸಾಧ್ಯ.